ಮೋಡ ಬೇಡುವ ಬೆಟ್ಟ

ಡಿಸೆಂಬರಿನಲ್ಲಿ ಊಟಿಗೆ ಹೋಗುವ ನಾವು ಆಕಾಶ ತಿಳಿಯಾಗಿರಲಿ ಎನ್ನುತ್ತೇವೆ. ನೀಲಗಿರಿಯ ಚಹಾ ಬೆಳೆಗಾರ ಬೇಡುವುದು ಮೋಡವನ್ನು.

ಮೋಡವೆಂದರೆ ನೆಲದ ಹೊದಿಕೆ. ಅದಿಲ್ಲದ, ಗಾಳಿಯೂ ಅಲುಗದ ರಾತ್ರಿ ನೆಲದ ಬಿಸಿ ಆಕಾಶದ ಪಾಲಾಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಬೆಳಗ್ಗೆ ಅಲ್ಲಿನ ಗಿಡಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿರುತ್ತದೆ. ನೋಡಲು ಚೆಂದವೇ, ಸುಳ್ಳೇಕೆ? ಬಿಸಿಲೇರಿದ ಮೇಲೆ ಚಿಗುರೆಲ್ಲ ಸುಟ್ಟಂತೆ ಕಂದಿರುತ್ತದೆ. ತುಸು ಮೇಲಿನ ಗಿಡಕ್ಕೆ ಏನೂ ಆಗಿರುವುದಿಲ್ಲ!

ಮುಂಗಾರು, ಹಿಂಗಾರು ಎರಡೂ ಸುರಿಯುವ ಈ ಬೆಟ್ಟಗಳಲ್ಲಿ ವರ್ಷವಿಡೀ ಚಿಗುರು ಕೊಯ್ಯುತ್ತಾರೆ. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರಲ್ಲಿ ಅನೇಕರು ಸಣ್ಣ ಹಿಡುವಳಿದಾರರು. ಎಲೆ ತೂಗಿದರಷ್ಟೇ ಹಣ. 1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳು ಕಾರ್ಮಿಕರಿಗೂ ಚಿಗುರಿದ್ದರೆ ಕೂಲಿ.

ಇದೇ ಚಳಿ ಚಿಗುರನ್ನು ಸುಡದೆ ಬೆಳವಣಿಗೆಯನ್ನಷ್ಟೇ ನಿಧಾನಿಸಿದರೆ ಚಹಾಕ್ಕೆ ಪರಿಮಳ ಕೂಡುತ್ತದೆ. ಚಳಿಗಾಲದ ನೀಲಗಿರಿ ಚಹಾಕ್ಕೆ ಅದರಿಂದಲೇ ಹೆಸರು. ಆದರೆ ಪರಿಮಳ ತಕ್ಕಡಿಯಲ್ಲಿ ತೂಗುವುದಿಲ್ಲವಲ್ಲ! ಹಾಗಾಗಿ ಕಣಿವೆಯ ರೈತ ಸಂಜೆಯೇ ಎಳೆಯ ಗಿಡಗಳಿಗೆ ಒಣಸೊಪ್ಪು ಹೊದಿಸಿ, ಅನುಕೂಲವಿದ್ದರೆ ತುಂತುರು ನೀರು ಹಾಯಿಸಿ, ಮಲಗುವ ಮೊದಲು ಇನ್ನೊಮ್ಮೆ ಹೊರಬಂದು ನಕ್ಷತ್ರ ಕಾಣುತ್ತಿವೆಯೇ ಎಂದು ನೋಡುತ್ತಾನೆ.