ಚಿಗರಿಯ ಬೇಟೆಯಲ್ಲಿ ಎದುರಾದ ತೋಳ

(ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ಒಕ್ಕಲಿಗರ ಕೂಟದಲ್ಲಿ ಮಾಡಿದ ಭಾಷಣ)



ಬೀಜ ಗೊಬ್ಬರದ ಮಾತನ್ನು ಇಂದು ಸ್ವಲ್ಪ ಬದಿಗಿಟ್ಟು ಬಂದೂಕಿನ ಮಾತನ್ನು ಆಡಬೇಕೆಂದು ಬಂದಿದ್ದೇನೆ. ತಮ್ಮಲ್ಲಿ ಕೆಲವರ ಮನೆಯಲ್ಲಿ ಬೆಳೆ ಕಾಯಲು ಲೈಸನ್ಸು ಪಡೆದ ಬಂದೂಕು ಇದೆ. ಕೆಲವರ ಮನೆಯಲ್ಲಿ ಮುಧೋಳ ನಾಯಿಗಳಿವೆ. ಬೆಳದಿಂಗಳ ರಾತ್ರಿ ಹುಡುಗರು ನಾಲ್ಕು ಜನ ಕೂಡಿ ಮೋಟಾರು ಸೈಕಲ್ ಹತ್ತಿ, ಚಿಗರಿಯೊಂದು ಸಿಕ್ಕರೆ ಸಿಗಲಿ ಎಂದು ಹೊರಡುವದೂ ತಮಗೆ ಗೊತ್ತಿಲ್ಲದ ಸಂಗತಿಯಲ್ಲ. ಚಿಗರಿ ಸಿಗುವದಿಲ್ಲ. ಬ್ಯಾಟರಿಯ ಬೆಳಕಿನಲ್ಲಿ ಎರಡು ಕಣ್ಣು ಹೊಳೆಯುತ್ತವೆ. ಅದು ತೋಳ, ಇಲ್ಲವೆ ನರಿ. "ಇದೂ ಕುರಿ ತಿನ್ನೂದು, ಹೊಡಿ" ಎಂದು ಒಬ್ಬ ಅನ್ನುತ್ತಾನೆ. ಆ ಒಂದು ಗಳಿಗೆಯ ಬಗ್ಗೆಯೇ ನನ್ನ ಮಾತು.

ನಾನೂ ಆ ಗಳಿಗೆಯನ್ನು ಕಂಡವನು. 1965ರ ಸುಮಾರಿಗೆ, ನಾನಿನ್ನೂ ಹುಡುಗ, ನನ್ನ ಸೋದರಮಾವ ಬೇಟೆಗೆ ಹೊರಟಾಗ ಕಂದೀಲು ಹಿಡಿಯಲು ನನ್ನನ್ನು ಕರೆದುಕೊಂಡು ಹೋಗಿದ್ದ. ಇಡೀ ರಾತ್ರಿ ಎರೆಹೊಲ ತುಳಿದರೂ ಚಿಗರಿಯ ಬಾಲ ಕೂಡ ಕಾಣಲಿಲ್ಲ. ಬೆಳಗಿನ ಜಾವ ಹಳ್ಳದ ದಂಡೆಯ ಮೇಲೆ ತೋಳವೊಂದು ನಿಂತು ನಮ್ಮನ್ನೇ ನೋಡಿತು. ಓಡಲಿಲ್ಲ. ಮಾವ ಹೊಡೆದ. "ಚಿಗರಿ ಸಿಗಲಿಲ್ಲಂದ್ರ ಏನಾತೋ ತಮ್ಮಾ, ಇದರ ಸಿಕ್ಕತಲ್ಲ" ಎಂದು ನಕ್ಕ. ಹತ್ತಿರ ಹೋಗಿ ನೋಡಿದರೆ ಹೆಣ್ಣು ತೋಳ. ಮೊಲೆ ತುಂಬ ಹಾಲು. ಮರಿಗಳು ದಂಡೆಯ ಬಿಲದಲ್ಲಿಯೇ ಇದ್ದಿರಬೇಕು. ಅದಕ್ಕೇ ಅದು ಓಡದೆ ನಿಂತಿತ್ತು. ಆಗ ಊರಿನಲ್ಲಿ ಯಾರೂ ಕೇಳುವವರಿರಲಿಲ್ಲ. ಕುರಿಗಾರರು ಮಾವನಿಗೆ ಒಂದು ಟಗರಿನ ಮರಿಯನ್ನೇ ಕೊಟ್ಟರು. ಆದರೆ ಮರುವರ್ಷ ದೀಪಾವಳಿಯ ಹೊತ್ತಿಗೆ ಅದೇ ಹಳ್ಳಕ್ಕೆ ಬೇರೆ ಎರಡು ತೋಳ ಬಂದು ನೆಲೆಸಿದವು. ಅದೇ ಕುರಿಗಾರರ ಮರಿಗಳನ್ನು ಅವೂ ಒಯ್ದವು. ಮಾವ ಕೊನೆಯವರೆಗೂ ಈ ಮಾತನ್ನು ನಗುತ್ತಲೇ ಹೇಳುತ್ತಿದ್ದ. ನನಗೆ ಮಾತ್ರ ಆ ಹಾಲು ಕಣ್ಣಿಂದ ಹೋಗಿಲ್ಲ.

ಬಂದೂಕು ಎಂದರೆ ನಮ್ಮ ಭಾಗದಲ್ಲಿ ಹಗುರಾದ ಮಾತಲ್ಲವೆಂಬುದನ್ನು ನಾನು ಬಲ್ಲೆ. 1857ರಲ್ಲಿ ಇಂಗ್ಲಿಷರ ಸರಕಾರ ಹತಾರಗಳನ್ನು ಒಪ್ಪಿಸಿರೆಂದಾಗ ಮುಧೋಳ ತಾಲೂಕಿನ ಹಲಗಲಿಯ ಬೇಡರು ಒಪ್ಪಿಸಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಅವರಿಗೆ ಹತಾರವೇ ಅನ್ನ, ಹತಾರವೇ ಮಾನ. ಸಂಸ್ಥಾನಗಳ ಕಾಲದಲ್ಲಿ ಬೇಟೆ ದೊಡ್ಡವರ ವಿನೋದವೂ ಆಗಿತ್ತು. ಮುಧೋಳದ ರಾಜರಾದ ಮಾಲೋಜಿರಾವ ಘೋರ್ಪಡೆಯವರು ನಮ್ಮ ಬೇಟೆನಾಯಿಯ ತಳಿಯನ್ನು ಬೆಳೆಸಿ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟದ್ದು ಪ್ರಸಿದ್ಧವಾಗಿದೆ. 2005ರಲ್ಲಿ ಆ ನಾಯಿಯ ಚಿತ್ರ ಅಂಚೆಚೀಟಿಯ ಮೇಲೂ ಬಂತು. ಈ ಹೆಮ್ಮೆಯೆಲ್ಲ ಇರಲಿ. ಆದರೆ 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ವಿಲೀನವಾದವು. ಆ ಬೇಟೆಯ ಕಾಲವೂ ಅವುಗಳ ಕೂಡ ಹೋಯಿತು.

ಈಗ ಕಾಯದೆಯ ಮಾತು. ಬೇಸರ ಮಾಡಿಕೊಳ್ಳಬೇಡಿರಿ, ಇದನ್ನು ತಿಳಿಯದೆಯೇ ಎಷ್ಟೋ ಮನೆಗಳು ಕೋರ್ಟಿನ ಮೆಟ್ಟಿಲು ಹತ್ತಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯಲ್ಲಿ ತೋಳ ಮೊದಲನೆಯ ಪಟ್ಟಿಯಲ್ಲಿದೆ. ನಾವು ಚಿಗರಿಯೆಂದು ಒಂದೇ ಹೆಸರಿನಿಂದ ಕರೆಯುವ ಎರಡೂ ಪ್ರಾಣಿಗಳು, ಎಂದರೆ ತಿರುಚಿದ ಕೊಂಬಿನ ಕೃಷ್ಣಮೃಗ ಮತ್ತು ಕಂದು ಮೈಯ ಚಿಂಕಾರ, ಅದೇ ಪಟ್ಟಿಯಲ್ಲಿವೆ. ಈ ಪಟ್ಟಿಯ ಪ್ರಾಣಿಯನ್ನು ಕೊಂದವರಿಗೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಸೆರೆವಾಸ. ದಂಡ 25 ಸಾವಿರ ರೂಪಾಯಿಗೆ ಕಡಿಮೆ ಇಲ್ಲ. ನರಿಯೂ ಈ ಕಾಯದೆಯ ರಕ್ಷಣೆಯಲ್ಲಿಯೇ ಇದೆ. ಬಂದೂಕಿನ ಲೈಸನ್ಸು ಬಂದೂಕು ಇಟ್ಟುಕೊಳ್ಳಲು ಕೊಟ್ಟ ಅಪ್ಪಣೆಯೇ ಹೊರತು ಪ್ರಾಣಿ ಕೊಲ್ಲಲು ಕೊಟ್ಟ ಅಪ್ಪಣೆಯಲ್ಲ.

ಬೇಟೆಯೆಂದರೆ ಗುಂಡು ಹಾರಿಸುವದಷ್ಟೇ ಎಂದು ತಿಳಿಯಬೇಡಿರಿ. ಉರುಲು ಒಡ್ಡುವದು, ವಿಷ ಇಡುವದು, ನಾಯಿ ಬಿಟ್ಟು ಬೆನ್ನಟ್ಟಿಸುವದು, ಇವೆಲ್ಲವೂ ಕಾಯದೆಯ ಪ್ರಕಾರ ಬೇಟೆಯೇ. ಪ್ರಯತ್ನ ಮಾಡಿದರೂ ಸಾಕು. ಮುಧೋಳ ನಾಯಿ ಸಾಕಿದವರು ಇದನ್ನು ಮುಖ್ಯವಾಗಿ ನೆನಪಿಡಬೇಕು.

"ತೋಳ ಮೈಮೇಲೆ ಬಂದರೆ ಸುಮ್ಮನೆ ನಿಂತುಕೊಳ್ಳೋಣವೇ?" ಎಂದು ತಾವು ಕೇಳಬಹುದು. ಇಲ್ಲ. ತನ್ನ ಜೀವ ಇಲ್ಲವೆ ಇನ್ನೊಬ್ಬರ ಜೀವ ಉಳಿಸಲು ಪ್ರಾಮಾಣಿಕವಾಗಿ ಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ ಎಂದು ಕಾಯದೆಯ 11ನೆಯ ಕಲಮು ಹೇಳುತ್ತದೆ. ಆದರೆ ಅದರ ಬೆನ್ನಿಗೇ ಒಂದು ಶರತ್ತಿದೆ. ಆ ಹೊತ್ತಿಗೆ ನೀವೇ ಕಾಯದೆ ಮುರಿಯುತ್ತಿದ್ದರೆ ಈ ರಿಯಾಯಿತಿ ನಿಮಗಿಲ್ಲ. ಎಂದರೆ, ಚಿಗರಿಯ ಬೇಟೆಗೆಂದು ಹೊರಟವನು ದಾರಿಯಲ್ಲಿ ತೋಳವನ್ನು ಹೊಡೆದು "ಜೀವ ಉಳಿಸಿಕೊಳ್ಳಲು ಹೊಡೆದೆ" ಎಂದರೆ ಆ ಮಾತು ನಿಲ್ಲುವದಿಲ್ಲ. ಹೊಡೆದದ್ದು ತೋಳವೊಂದೇ ಆದರೂ ಹೊರಟದ್ದು ಚಿಗರಿಗೆಂಬ ಎರಡನೆಯ ಗುನ್ಹೆಯೂ ಕೊರಳಿಗೆ ಬೀಳುತ್ತದೆ. ಇನ್ನೊಂದು ಸಂಗತಿ: ಈ ರಿಯಾಯಿತಿ ಮನುಷ್ಯರ ಜೀವಕ್ಕೆ ಮಾತ್ರ, ಕುರಿಮೇಕೆಗಳಿಗೆ ಅಲ್ಲ. ಇದು ಕುರಿಗಾರನಿಗೆ ಕಹಿಯಾದ ಮಾತು. ನನಗೂ ಹೇಳಲು ಹಿತವೆನಿಸುವದಿಲ್ಲ. ಆದರೂ ಮುಚ್ಚಿಡುವದಕ್ಕಿಂತ ಹೇಳುವದು ಮೇಲು.

ದೊಡ್ಡವರಿಗೆ ಒಂದು ನ್ಯಾಯ, ನಮಗೆ ಒಂದು ನ್ಯಾಯವೇ ಎಂದು ಗೊಣಗುವವರೂ ಇದ್ದಾರೆ. 1998ರಲ್ಲಿ ಜೋಧಪುರದ ಹತ್ತಿರ ಕೃಷ್ಣಮೃಗ ಹೊಡೆದ ಮೊಕದ್ದಮೆಯಲ್ಲಿ 2018ರಲ್ಲಿ ಹೆಸರಾಂತ ಚಿತ್ರನಟನೊಬ್ಬನಿಗೆ ಅಲ್ಲಿಯ ನ್ಯಾಯಾಲಯ 5 ವರ್ಷದ ಶಿಕ್ಷೆ ವಿಧಿಸಿತು. ಅವನಿಗೆ ಜಾಮೀನೂ ಸಿಕ್ಕಿತು, ಅಪೀಲೂ ಆಯಿತು. ಇಪ್ಪತ್ತು ವರ್ಷ ವಕೀಲರನ್ನು ಇಡುವ ಶಕ್ತಿ ಅವನಿಗಿತ್ತು. ಎರಡು ಎಕರೆಯವನು ಏನು ಮಾಡಬೇಕು? ಹೊಲ ಅಡವಿಡಬೇಕು.

ಕಾಯದೆಯ ಅಂಜಿಕೆ ಬದಿಗಿರಲಿ. ಹೊಡೆದರೆ ಒಕ್ಕಲುತನಕ್ಕೆ ಲಾಭವಾದರೂ ಇದೆಯೇ? ಅಮೇರಿಕೆಯಲ್ಲಿ ಕಾಯೋಟೆ ಎಂಬ ಪ್ರಾಣಿಯಿದೆ. ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಸಣ್ಣದು. ಅಲ್ಲಿ ಜಿಂಕೆಯ ಬೇಟೆಗೆ ಲೈಸನ್ಸು ಪಡೆದು ಹೋದವರು ಕಾಯೋಟೆ ಎದುರಾದರೆ ಅದನ್ನೂ ಹೊಡೆಯುವ ವಾಡಿಕೆಯಿದೆ. ಅನೇಕ ಪ್ರಾಂತಗಳಲ್ಲಿ ಅದಕ್ಕೆ ಅಪ್ಪಣೆಯೂ ಇದೆ. ನೂರಕ್ಕೂ ಹೆಚ್ಚು ವರ್ಷ ಗುಂಡಿನಿಂದ, ಉರುಲಿನಿಂದ, ವಿಷದಿಂದ ಲಕ್ಷಗಟ್ಟಲೆ ಕೊಂದರು. ಫಲವೇನು? ಮೊದಲು ಪಶ್ಚಿಮದ ಬಯಲುಗಳಲ್ಲಿ ಇದ್ದ ಪ್ರಾಣಿ ಇಂದು ಪೂರ್ವದ ಸಮುದ್ರದ ದಂಡೆಯವರೆಗೆ ಹಬ್ಬಿದೆ. ನೆಲೆಸಿದ ಜೋಡಿಯನ್ನು ಕೊಂದರೆ ಆ ಜಾಗ ಬರಿದಾಗಿ ಉಳಿಯುವದಿಲ್ಲ. ಅಲೆಯುತ್ತಿದ್ದ ಹರೆಯದ ಪ್ರಾಣಿಗಳು ಬಂದು ತುಂಬುತ್ತವೆ. ನನ್ನ ಮಾವನ ಹಳ್ಳದಲ್ಲಿ ಆದದ್ದೂ ಇದೇ. ಅಮೇರಿಕೆಯಲ್ಲಿ ಅಲ್ಲಿಯ ಸರಕಾರ ತನ್ನ ನೆಲಗಳಲ್ಲಿ ಇಂಥ ಪ್ರಾಣಿಗಳಿಗೆ ವಿಷವಿಡುವದನ್ನು ನಿಲ್ಲಿಸಿದ್ದು 1972ರಲ್ಲಿಯೇ, ನಮ್ಮ ಕಾಯದೆ ಬಂದ ವರ್ಷವೇ.

ನಮ್ಮಲ್ಲಿ ತೋಳಗಳು ಹಾಗೆ ಹಬ್ಬಿಲ್ಲ. ಇಡೀ ದೇಶದಲ್ಲಿ ಉಳಿದಿರುವವು ಎರಡರಿಂದ ಮೂರು ಸಾವಿರ ಎಂದು ಬಲ್ಲವರ ಅಂದಾಜು. ಮುಂಚೆ ಬಯಲು ನಾಡಿನಲ್ಲಿ ಚಿಗರಿಯನ್ನು ಹಿಡಿಯುವ ಇನ್ನೊಂದು ಪ್ರಾಣಿ ಇತ್ತು: ಚೀತಾ. ಕೊಲ್ಹಾಪುರದ ಅರಸರು ಅದನ್ನು ಪಳಗಿಸಿ ಬೇಟೆಗೆ ಬಳಸುತ್ತಿದ್ದರು. 1952ರಲ್ಲಿ, ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ವರ್ಷವೇ, ಭಾರತದಲ್ಲಿ ಚೀತಾ ಅಳಿಯಿತೆಂದು ಸಾರಿದರು. ಈಗ ಮಧ್ಯಪ್ರದೇಶದ ಕೂನೋ ಅಡವಿಗೆ 2022ರಿಂದ ಆಫ್ರಿಕೆಯ ಚೀತಾಗಳನ್ನು ವಿಮಾನದಲ್ಲಿ ತಂದು ಬಿಡುತ್ತಿದ್ದಾರೆ. ನಮ್ಮ ಎರೆಬಯಲಿನಲ್ಲಿ ಚಿಗರಿಗೆ, ಕಾಡುಹಂದಿಯ ಮರಿಗೆ ಅಂಜಿಕೆಯೆಂದರೆ ಈಗ ತೋಳವೇ. ಗುಜರಾತಿನ ವೇಲಾವದರದ ಹುಲ್ಲುಗಾವಲಿನಲ್ಲಿ ತೋಳಗಳ ಮುಖ್ಯ ಆಹಾರ ಕೃಷ್ಣಮೃಗವೇ. ಕಡಲೆಯನ್ನು ಚಿಗರಿ ಮೇಯ್ದವೆಂದು ದೂರುವ ನಾವೇ ತೋಳದ ಬಿಲಕ್ಕೆ ಹೊಗೆ ಹಾಕುತ್ತೇವೆ. ಬೀಳಗಿ, ಮುಧೋಳ ತಾಲೂಕುಗಳಲ್ಲಿ ಹಬ್ಬಿದ ಯಡಹಳ್ಳಿ ಚಿಂಕಾರ ವನ್ಯಧಾಮವು ಸುಮಾರು 96 ಚದರ ಕಿಲೋಮೀಟರ್ ಇದ್ದು, ಅಲ್ಲಿ ಚಿಂಕಾರದ ಜೊತೆಗೆ ತೋಳಗಳೂ ಇವೆ. ಅದರ ಅಂಚಿನ ಊರಿನವರಿಗೆ ಈ ಮಾತು ಹೆಚ್ಚು ಬೇಕಾದದ್ದು.

ನರಿಯ ಸಂಗತಿ ಬೇರೆ. ಕಾಲುವೆಯ ನೀರು ಬಂದು ಜೋಳದ ಹೊಲಗಳು ಕಬ್ಬಿನ ಹೊಲಗಳಾದ ಮೇಲೆ ನರಿಗಳಿಗೆ ಅಡವಿಯೇ ಮನೆಬಾಗಿಲಿಗೆ ಬಂದಂತಾಗಿದೆ. ಅದು ಕಬ್ಬು ಕಡಿಯುತ್ತದೆ, ಗೋವಿನಜೋಳದ ತೆನೆ ತಿನ್ನುತ್ತದೆ, ಕೋಳಿಯನ್ನೂ ಒಯ್ಯುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಅದರ ಹೊಟ್ಟೆ ತುಂಬುವದು ಹೆಚ್ಚಾಗಿ ಇಲಿ, ಹೆಗ್ಗಣ, ಸತ್ತ ದನ ಇವುಗಳಿಂದ. ಕಬ್ಬಿನ ಬುಡಕ್ಕೆ ಇಲಿ ಬಿದ್ದರೆ ಏನಾಗುತ್ತದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಒಂದು ಕಡೆ "ಇವತ್ತು ನರಿಯ ಮುಖ ನೋಡಿ ಎದ್ದೆ" ಎಂದು ಸಂತೋಷಪಡುವದು, ಇನ್ನೊಂದು ಕಡೆ "ನರಿಕೊಂಬು" ಎಂದು ಅದರ ತಲೆಯನ್ನು ಒಡೆಯುವದು! ನರಿಗೆ ಕೊಂಬು ಇಲ್ಲವೇ ಇಲ್ಲ. ಸಂತೆಯಲ್ಲಿ ಕೂದಲು ಅಂಟಿಸಿ ಮಾರುವ ಆ ತುಂಡನ್ನು ಕೊಂಡು ತಿಜೋರಿಯಲ್ಲಿಟ್ಟರೆ ಹಣ ಬೆಳೆಯುವದಿಲ್ಲ, ಕೊಂಡವನ ಮೇಲೂ ಮೊಕದ್ದಮೆ ಬೀಳುತ್ತದೆ.

ವಿಷದ ಮಾತನ್ನು ಹೇಳಲೇಬೇಕು. ತೋಳ ತಿಂದು ಬಿಟ್ಟ ಕುರಿಗೆ ಹುಳದ ಔಷಧ ಸವರಿ ಇಡುವ ಚಟ ಕೆಲವರಿಗಿದೆ. ತೋಳ ಮರಳಿ ಬಂದರೆ ಬಂತು. ಅದಕ್ಕೂ ಮೊದಲು ಊರ ನಾಯಿ, ಕಾಗೆ, ಹದ್ದು ಬರುತ್ತವೆ. ಹಂದಿಗೆಂದು ಹಿಟ್ಟಿನಲ್ಲಿ ಮುಚ್ಚಿಟ್ಟ ಸಿಡಿಮದ್ದನ್ನು ಆಕಳು ಕಚ್ಚಿದರೆ ದವಡೆ ಹಾರಿಹೋಗುತ್ತದೆ. ಆ ಆಕಳು ನೀರೂ ಕುಡಿಯಲಾರದೆ ಸಾಯುತ್ತದೆ.

ಹಾಗಾದರೆ ಕುರಿಗಾರನು ಮಾಡಬೇಕಾದದ್ದೇನು? ಕುರಿಯನ್ನು ಹೊಲದಲ್ಲಿ ತರುಬುವಾಗ ಬಲೆಯನ್ನು ಎದೆಯೆತ್ತರ ಕಟ್ಟಬೇಕು. ಕೆಳಗಿನ ಅಂಚನ್ನು ಗೂಟ ಹೊಡೆದು ನೆಲಕ್ಕೆ ಬಿಗಿಯಬೇಕು. ಮೊಳಕಾಲೆತ್ತರದ ಬಲೆಯನ್ನು ತೋಳ ಹಾರುತ್ತದೆ, ಸಡಿಲ ಬಿಟ್ಟರೆ ನುಸುಳುತ್ತದೆ. ಬಲೆಯ ಹೊರಗೆ ಜಾಲಿಮುಳ್ಳು ಒಟ್ಟಿದರೆ ಇನ್ನೂ ಒಳ್ಳೆಯದು. ಎಳೆಯ ಮರಿಗಳನ್ನು ನಡುವೆ ಬುಟ್ಟಿಯಡಿ ಮುಚ್ಚಿಡಿರಿ. ನಾಯಿಯ ಕೊರಳಿಗೆ ಮೊಳೆ ಹೊಡೆದ ಪಟ್ಟಿ ಹಾಕಿರಿ, ತೋಳ ಮೊದಲು ಹಿಡಿಯುವದು ಕೊರಳನ್ನೇ. ಕಾವಲಿಗೆ ಗಟ್ಟಿಮುಟ್ಟಾದ ಎರಡು ಊರನಾಯಿ ಸಾಕು. ಓಡಲು ಹುಟ್ಟಿದ ಮುಧೋಳ ನಾಯಿಯನ್ನು ಹಟ್ಟಿಗೆ ಕಟ್ಟಬೇಡಿರಿ. ತೋಳಗಳು ಬಹುತೇಕ ಚಳಿಗಾಲದಲ್ಲಿ ಮರಿ ಹಾಕುತ್ತವೆ. ಆ ತಿಂಗಳುಗಳಲ್ಲಿ ಬಿಲವಿರುವ ದಿನ್ನೆಯ ಹತ್ತಿರ ಹಿಂಡು ಇಳಿಸಬೇಡಿರಿ.

ಇಷ್ಟಾದರೂ ಕುರಿ ಹೋದರೆ, ಸತ್ತ ಕುರಿಯನ್ನು ಎಳೆದು ಹಾಕಬೇಡಿರಿ, ಸುಲಿಯಬೇಡಿರಿ. ಬಿದ್ದಲ್ಲಿಯೇ ಮೊಬೈಲಿನಲ್ಲಿ ಫೋಟೋ ತೆಗೆದು, ಅದೇ ದಿನ ವಲಯ ಅರಣ್ಯ ಕಚೇರಿಗೆ ತಿಳಿಸಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ಫೋನು ಮಾಡಬಹುದು. ಪಂಚನಾಮೆಯಾಗಿ, ಪಶುವೈದ್ಯರ ದಾಖಲೆಯೊಡನೆ ಅರ್ಜಿ ಹೋದರೆ ಪರಿಹಾರ ಕೇಳಲು ದಾರಿಯಾಗುತ್ತದೆ. ಹಣ ತಡವಾಗುತ್ತದೆ, ಓಡಾಟವಿದೆ, ಬಂದ ಹಣ ಕುರಿಯ ಪೂರ್ತಿ ಬೆಲೆಯಾಗುವದೂ ಇಲ್ಲ. ಈ ದೂರು ನ್ಯಾಯವಾದದ್ದೇ. ಅದಕ್ಕಾಗಿ ಅರ್ಜಿಯ ಪ್ರತಿಯನ್ನು ಗ್ರಾಮ ಪಂಚಾಯತಿಗೂ ಕೊಟ್ಟು, ಹತ್ತು ಜನ ಕೂಡಿ ಕೇಳಿರಿ. ಒಬ್ಬನೇ ಕೇಳಿದರೆ ಕಾಗದ ಕಪಾಟಿನಲ್ಲಿ ಮಲಗುತ್ತದೆ.

ಇನ್ನೊಂದು ಮಾತು ತಾಯಂದಿರಿಗೆ. ಹಾಡಹಗಲು ಊರೊಳಗೆ ನುಗ್ಗಿ ಸಿಕ್ಕಸಿಕ್ಕವರನ್ನು ಕಚ್ಚುವ ತೋಳ ಅಥವಾ ನರಿಗೆ ಹುಚ್ಚು ಹಿಡಿದಿರುವ ಸಂಭವ ಹೆಚ್ಚು. ಕಚ್ಚಿಸಿಕೊಂಡವರ ಗಾಯವನ್ನು ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು, ಅದೇ ದಿನ ಸರಕಾರಿ ದವಾಖಾನೆಗೆ ಕರೆದೊಯ್ಯಿರಿ. ಸುಣ್ಣ, ಖಾರದಪುಡಿ ಹಚ್ಚಬೇಡಿರಿ. ಮೇಲಿನ ಗಾಯ ಮಾಯ್ದರೂ ಸೂಜಿಗಳನ್ನು ಪೂರ್ತಿ ಮಾಡಿಸಿರಿ. ಆ ಜಡ್ಡು ಒಮ್ಮೆ ಕಾಣಿಸಿಕೊಂಡಿತೆಂದರೆ ಔಷಧವಿಲ್ಲ.

ಈಗ ಹೊರಗೆ ಬನ್ನಿರಿ. ಬಲೆಯನ್ನೂ ಗೂಟಗಳನ್ನೂ ತಂದಿರಿಸಿದ್ದೇವೆ. ಕೆಳಗಿನ ಅಂಚು ಬಿಗಿಯುವ ರೀತಿಯನ್ನು ಹಿರಿಯ ಕುರಿಗಾರರೊಬ್ಬರು ಕಟ್ಟಿ ತೋರಿಸುತ್ತಾರೆ; ಅವರ ಕೈಗೆ ಇರುವ ಅಭ್ಯಾಸ ನನ್ನ ಮಾತಿಗಿಲ್ಲ.