ವಿಮಾನಕ್ಕೆ ಸರ್ವೀಸು, ಪೈಲಟ್‌ಗೆ ವಿನಾಯಿತಿ!



2025ರ ಡಿಸೆಂಬರ್ ಮೊದಲ ವಾರದ ದೃಶ್ಯಗಳನ್ನ ನೀವೆಲ್ಲ ನೋಡಿದ್ದೀರಿ. ಡಿಸೆಂಬರ್ 5ರ ಒಂದೇ ದಿನ ಇಂಡಿಗೋದ ಸಾವಿರಕ್ಕೂ ಹೆಚ್ಚು ವಿಮಾನ ರದ್ದು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನೆಲದ ಮೇಲೇ ಮಲಗಿದ ಜನ. ಹುಬ್ಬಳ್ಳಿಯಲ್ಲಂತೂ ಆರತಕ್ಷತೆಗೆ ನೆಂಟರೆಲ್ಲ ಬಂದು ಕೂತಿದ್ದಾರೆ, ವಧು-ವರರೇ ಬರೋಕಾಗಲಿಲ್ಲ. ಕೊನೆಗೆ ಅವರು ಪರದೆ ಮೇಲೆ ವಿಡಿಯೋದಲ್ಲೇ ಕಾಣಿಸಿಕೊಂಡರು.

ಆ ಗದ್ದಲದ ನಡುವೆ ಒಂದು ಮಾತು ಎಲ್ಲರ ಬಾಯಲ್ಲೂ ಓಡಾಡಿತು. ‘ಪೈಲಟ್‌ಗಳಿಗೆ ಹೊಸ ರೆಸ್ಟ್ ರೂಲ್ ಬಂದಿದೆಯಂತೆ, ಅದಕ್ಕೇ ಇಷ್ಟೆಲ್ಲ ಆಗಿದ್ದು.’ ಅಂದ್ರೆ ತಪ್ಪು ಯಾರದ್ದು? ಪೈಲಟ್‌ನ ನಿದ್ದೆಯದ್ದು! ಈ ಮಾತನ್ನ ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

ಏನಿದು ಹೊಸ ನಿಯಮ? ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಪೈಲಟ್‌ಗಳ ಕೆಲಸದ ವೇಳೆ ಮತ್ತು ವಿಶ್ರಾಂತಿಗೆ ಹಾಕಿದ ಹೊಸ ಲೆಕ್ಕ ಇದು. ವಾರದ ವಿಶ್ರಾಂತಿ ಮೊದಲು 36 ಗಂಟೆ ಇತ್ತು, ಈಗ 48. ‘ರಾತ್ರಿ’ ಅಂದರೆ ಮೊದಲು ಮಧ್ಯರಾತ್ರಿಯಿಂದ ಬೆಳಗಿನ 5 ಗಂಟೆವರೆಗೆ, ಈಗ 6ರವರೆಗೆ. ರಾತ್ರಿ ಡ್ಯೂಟಿಯಲ್ಲಿ ಮೊದಲು 6 ಲ್ಯಾಂಡಿಂಗ್‌ವರೆಗೆ ಅವಕಾಶ ಇತ್ತು, ಈಗ ಎರಡೇ.

48 ಗಂಟೆ ಅಂದ ತಕ್ಷಣ ‘ಅಬ್ಬಾ, ಎಂಥ ಸುಖ’ ಅನಿಸಬಹುದು. ಲೆಕ್ಕ ಹಾಕಿ. ಭಾನುವಾರ ರಾತ್ರಿ 10ಕ್ಕೆ ಡ್ಯೂಟಿ ಮುಗೀತು ಅಂದುಕೊಳ್ಳಿ. ಹಳೇ ನಿಯಮದಲ್ಲಿ ಮಂಗಳವಾರ ಬೆಳಗ್ಗೆ 10ಕ್ಕೆ ಮತ್ತೆ ಹಾಜರ್. ಅಷ್ಟರಲ್ಲಿ ಮನೆಗೆ ಹೋಗಬೇಕು, ನಿದ್ದೆ ಮಾಡಬೇಕು, ಯೂನಿಫಾರ್ಮ್ ಇಸ್ತ್ರಿ ಆಗಬೇಕು, ಮಕ್ಕಳ ಮುಖ ನೋಡಬೇಕು. ಹೊಸ ನಿಯಮದಲ್ಲಿ ಅದು ಮಂಗಳವಾರ ರಾತ್ರಿ 10 ಆಗುತ್ತೆ. ಹೆಚ್ಚಾಗಿದ್ದು 12 ಗಂಟೆ. ನಾವೆಲ್ಲ ಶನಿವಾರ, ಭಾನುವಾರ ಅಂತ ತೆಗೆದುಕೊಳ್ಳೋದು ಇದನ್ನೇ ಅಲ್ವಾ?

ಇನ್ನು ರಾತ್ರಿಯ ಲೆಕ್ಕ. ಬೆಳಗಿನ ಜಾವ 2ರಿಂದ 6ರವರೆಗೆ ಮನುಷ್ಯನ ದೇಹ ತೀರಾ ಮಂಕಾಗಿರೋ ಹೊತ್ತು. ಎಷ್ಟೇ ಅನುಭವ ಇರಲಿ, ಎಷ್ಟೇ ಕಾಫಿ ಕುಡಿದಿರಲಿ, ದೇಹದ ಗಡಿಯಾರ ಕೇಳಲ್ಲ. ರಾತ್ರಿ ಪಾಳಿಯ ನರ್ಸ್‌ಗಳನ್ನ, ನೈಟ್ ಬಸ್ ಡ್ರೈವರ್‌ಗಳನ್ನ ಕೇಳಿ, ಅವರೇ ಹೇಳ್ತಾರೆ.

ನಮಗೆ ಇದನ್ನ ದೂರದ ದೇಶದ ಕಥೆ ಹೇಳಿ ಅರ್ಥ ಮಾಡಿಸಬೇಕಿಲ್ಲ. ಮಂಗಳೂರು, 2010ರ ಮೇ 22. ದುಬೈನಿಂದ ರಾತ್ರಿ ಹೊತ್ತಲ್ಲಿ ಹಾರಿ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ, ಬೆಳಗ್ಗೆ 6 ಗಂಟೆ ಸುಮಾರಿಗೆ ಬಜ್ಪೆಯ ರನ್‌ವೇ ದಾಟಿ ಕೆಳಗೆ ಬಿತ್ತು. 158 ಜನ ಸತ್ತರು, ಬದುಕಿದ್ದು 8 ಮಂದಿ. ಇಳಿಯೋ ರೀತಿ ಸರಿ ಇಲ್ಲ ಅಂತ ಗೊತ್ತಾದ ಮೇಲೂ ಕ್ಯಾಪ್ಟನ್ ವಿಮಾನವನ್ನ ಮತ್ತೆ ಮೇಲಕ್ಕೆತ್ತಲಿಲ್ಲ, ಅದೇ ನೇರ ಕಾರಣ ಅಂತ ತನಿಖೆ ಹೇಳಿತು. ಅದರ ಜೊತೆಗೇ ಇನ್ನೊಂದು ಮಾತು ಹೇಳಿತು: ಹಾರಾಟದ ವೇಳೆ ತುಂಬಾ ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ಗೊರಕೆ ಸದ್ದು ದಾಖಲಾಗಿತ್ತು. ಎಚ್ಚರ ಆದ ಮೇಲೂ ನಿದ್ದೆಯ ಮಂಪರು ಇಳಿದಿರಲಿಲ್ಲ. ಅದನ್ನ ಸೋಮಾರಿತನ ಅನ್ನಬೇಡಿ. ಆ ಹೊತ್ತೇ ಅಂಥದ್ದು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ನಿಯಮ ರಾತ್ರೋರಾತ್ರಿ ಬಂತಾ? ಖಂಡಿತ ಇಲ್ಲ. ಪ್ರಕಟವಾಗಿದ್ದು 2024ರ ಜನವರಿಯಲ್ಲಿ. ಅದೇ ವರ್ಷ ಜೂನ್‌ನಲ್ಲಿ ಜಾರಿ ಆಗಬೇಕಿತ್ತು, ಮುಂದಕ್ಕೆ ಹೋಯ್ತು. ಪೈಲಟ್‌ಗಳು ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು. ಆಮೇಲೆ 2025ರ ಜುಲೈ 1ಕ್ಕೆ ಒಂದು ಹಂತ, ನವೆಂಬರ್ 1ಕ್ಕೆ ಎರಡನೇ ಹಂತ. ಅಂದರೆ ತಯಾರಿಗೆ ಸಿಕ್ಕಿದ್ದು ಹತ್ತಿರ ಹತ್ತಿರ ಎರಡು ವರ್ಷ! ಲೆಕ್ಕಾಚಾರ ತಪ್ಪಿತು, ಯೋಜನೆಯಲ್ಲಿ ಲೋಪ ಆಯ್ತು ಅಂತ ಕಂಪನಿಯೇ ಡಿಜಿಸಿಎ ಮುಂದೆ ಒಪ್ಪಿಕೊಂಡಿದೆ. ಹೀಗಿರುವಾಗ ಪೈಲಟ್ ಹೇಗೆ ಅಪರಾಧಿ ಆಗ್ತಾನೆ?

ಆದರೆ ಕೊನೆಗೆ ಬಗ್ಗಿದ್ದು ಯಾವುದು? ನಿಯಮ. ರಾತ್ರಿ ಹಾರಾಟದ ನಿಯಮಗಳಿಂದ ಇಂಡಿಗೋಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಸಿಕ್ಕಿತು. ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನ ಲೆಕ್ಕಕ್ಕೆ ಹಿಡಿಯಬಾರದು ಅನ್ನೋ ಸೂಚನೆಯನ್ನೂ ಡಿಜಿಸಿಎ ವಾಪಸ್ ತಗೊಂಡಿತು. ಸಿಕ್ಕಿಹಾಕಿಕೊಂಡಿದ್ದ ಪ್ರಯಾಣಿಕರಿಗೆ ಪರಿಹಾರ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನ ಯಾರ ಜೇಬಿನಿಂದ ತೆಗೆದು ಕೊಟ್ಟರು ನೋಡಿ.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ‘ಫಟೀಗ್’ ಅಂತ ಒಂದು ಪಾಠ ಇದೆ. ಲೋಹದ ತಂತಿಯನ್ನ ಒಂದು ಸಲ ಬಗ್ಗಿಸಿದರೆ ಏನೂ ಆಗಲ್ಲ. ಬಗ್ಗಿಸ್ತಾನೇ ಇದ್ದರೆ ಒಂದು ದಿನ ಪಟ್ ಅಂತ ತುಂಡಾಗುತ್ತೆ. 1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಹೋದ ಮೇಲೆ ವಿಮಾನ ಲೋಕ ಈ ಪಾಠವನ್ನ ಗಂಭೀರವಾಗಿ ತಗೊಂಡಿತು. ಇವತ್ತು ಎಂಜಿನ್ನಿನ ಮುಖ್ಯ ಭಾಗಗಳಿಗೆ ಇಂತಿಷ್ಟೇ ಹಾರಾಟ ಅಂತ ಆಯಸ್ಸು ನಿಗದಿ ಮಾಡಿರ್ತಾರೆ. ಅದು ಮುಗಿದ ದಿನ ಬಿಚ್ಚಿ ಇಡಬೇಕು. ‘ರಶ್ ಇದೆ, ಎರಡು ತಿಂಗಳು ಹಳೇ ಪಾರ್ಟ್‌ನಲ್ಲೇ ಓಡಿಸ್ತೀವಿ’ ಅಂದರೆ ನೀವು ಆ ವಿಮಾನ ಹತ್ತುತ್ತೀರಾ?

ಲೋಹದ ಆಯಾಸಕ್ಕೆ ಇಷ್ಟು ಮರ್ಯಾದೆ. ಅದನ್ನ ಹಾರಿಸೋ ಮನುಷ್ಯನ ಆಯಾಸ ಬಂದಾಗ ಮಾತ್ರ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’!

ಹೆಚ್ಚು ಪೈಲಟ್‌ಗಳನ್ನ ನೇಮಿಸಿದರೆ ಖರ್ಚು ಬರುತ್ತೆ, ಟಿಕೆಟ್ ಮೇಲೂ ಸ್ವಲ್ಪ ಬೀಳಬಹುದು, ನಿಜ. ಇರೋ ಪೈಲಟ್‌ಗಳಿಗೆ ತಕ್ಕಷ್ಟೇ ವಿಮಾನ ಓಡಿಸಿ, ಅಷ್ಟಕ್ಕೇ ಟಿಕೆಟ್ ಮಾರಿ. ನಾವು ಕೇಳಬೇಕಾದ್ದು ಇಷ್ಟೇ. ಬೆಳಗಿನ ಜಾವ ಕಿಟಕಿಗೆ ತಲೆ ಆನಿಸಿ ನಾವು ನಿಶ್ಚಿಂತೆಯಿಂದ ನಿದ್ದೆ ಹೋಗ್ತೀವಲ್ಲ, ಮುಂದೆ ಕೂತವರು ತಮ್ಮ ನಿದ್ದೆ ಮುಗಿಸಿ ಬಂದಿದ್ದಾರೆ ಅನ್ನೋ ನಂಬಿಕೆಯ ಮೇಲೆ. ಆ ನಂಬಿಕೆಗೆ ವಿನಾಯಿತಿ ಕೊಡೋ ಅಧಿಕಾರ ಯಾರಿಗೂ ಇರಬಾರದು.

ಯೋಚನೆ ಮಾಡಿ.