829 ಚೀಲ ಭತ್ತ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನನ್ನ ಸಾಧನೆ ಬಗ್ಗೆ ಮಾತಾಡಬೇಕಂತೆ. ಅಂಥದ್ದೇನೂ ಇಲ್ಲ. ಬಿ.ಇ. ಮುಗಿಸಿದೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಅದಕ್ಕೇ, ಒಂದೇ ತಪ್ಪನ್ನು ಮೂರು ಸಲ ಮಾಡಿದ ಕಥೆ ಹೇಳ್ತೀನಿ.

ಆಗ ಒಂಬತ್ತನೇ ಕ್ಲಾಸು. ಕುರುಗೋಡಿನಿಂದ ಟ್ರ್ಯಾಕ್ಟರ್‌ನಲ್ಲಿ 32 ಚೀಲ ಭತ್ತ ಹೇರಿಕೊಂಡು ಅಪ್ಪ ಸಿರುಗುಪ್ಪದ ಮಿಲ್ಲಿಗೆ ಹೋಗಿದ್ದರು. ಚೀಲಕ್ಕೆ 400 ರೂಪಾಯಿ. ಹಮಾಲಿ, ಹಳೇ ಮುಂಗಡ ಎಲ್ಲಾ ಸೇರಿ 800 ಕಡಿದು ಕೈಗೆ 11,600 ಕೊಟ್ಟಿದ್ದರು. ಅಪ್ಪನಿಗೆ ಓದು ಬರಲ್ಲ, ಆದರೆ ಅನುಮಾನ ಬಂದಿತ್ತು. “ಎಷ್ಟು ಚೀಲಕ್ಕೆ ರೊಕ್ಕ ಕೊಟ್ಟಾರ ನೋಡಲೇ” ಅಂದರು.

ನಾನು 11,600ನ್ನು 400ರಿಂದ ಭಾಗಿಸಿದೆ, 29 ಬಂತು. ಕಡಿದಿದ್ದ 800 ಕೂಡಿಸಿದೆ. 829 ಚೀಲ ಅಂತ ಗಂಭೀರವಾಗಿ ಹೇಳಿದೆ!

ಅಪ್ಪ ನಕ್ಕು, “ಅಷ್ಟು ಬೆಳೆದಿದ್ರೆ ಆ ಮಿಲ್ಲೇ ಕೊಂಡ್ಕೋತಿದ್ದೆ. ಕೊನೆಗೆ ಕಡಿದಿದ್ದನ್ನ ಮೊದಲು ಕೂಡ್ಸಲೇ, ಆಮೇಲೆ ಭಾಗ್ಸು” ಅಂದರು. ಕೂಡಿಸಿದರೆ 12,400. ಭಾಗಿಸಿದರೆ 31. ಒಂದು ಚೀಲ ಲೆಕ್ಕದಲ್ಲೇ ಇರಲಿಲ್ಲ. ಮರುದಿನ ಅಪ್ಪ ಹೋಗಿ ಕೇಳಿದರು. ಮಾತಿಲ್ಲದೆ 400 ರೂಪಾಯಿ ಕೈಗಿಟ್ಟರಂತೆ.

ಇದನ್ನು ಗಣಿತದ ಮೇಷ್ಟ್ರಿಗೆ ಹೇಳಿದೆ. ಅವರು ಅದನ್ನೇ ಬೋರ್ಡಿನ ಮೇಲೆ ಬರೆದರು. ಚೀಲ ಕೊಟ್ಟರೆ ರೂಪಾಯಿ ಕೊಡುವುದು ಒಂದು ಫಲನ. ಬಂದ ರೂಪಾಯಿಯಲ್ಲಿ 800 ಕಳೆಯುವುದು ಇನ್ನೊಂದು. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಉಣಿಸಿದರೆ ಸಂಯೋಜನೆ. ಇವೆರಡನ್ನು ಅದಲು ಬದಲು ಮಾಡಿದರೆ 800 ರೂಪಾಯಿಯ ಬದಲು 800 ಚೀಲವನ್ನೇ ಕಳೆದಂತೆ! ಹಿಂದಕ್ಕೆ ಬರಬೇಕಾದರೆ ಗುಣಾಕಾರಕ್ಕೆ ಭಾಗಾಕಾರ, ಕಳೆಯುವುದಕ್ಕೆ ಕೂಡುವುದು, ಅದೂ ಕೊನೆಯದರಿಂದ ಶುರುಮಾಡಿ. ಇದೇ ವಿಲೋಮ. ಭಾಸ್ಕರಾಚಾರ್ಯರು 1150ರಷ್ಟು ಹಿಂದೆಯೇ ‘ಲೀಲಾವತಿ’ಯಲ್ಲಿ ಈ ಕ್ರಮ ಹೇಳಿದ್ದಾರೆ, ಅವರಿಗೂ ಮೊದಲು ಆರ್ಯಭಟ ಹೇಳಿದ್ದಾನೆ ಅಂದರು. ನನಗೆ ಮಾತ್ರ ಅಪ್ಪನೇ ಮೊದಲು ಹೇಳಿದ್ದು.

ಆಮೇಲೆ ಬಳ್ಳಾರಿಯಲ್ಲಿ ಪಿಯುಸಿ. ಎಲ್ಲಾ ಇಂಗ್ಲಿಷು. ಫಂಕ್ಷನ್ ಅಂದರೆ ಮದುವೆ, ನಾಮಕರಣ ಅಂತಷ್ಟೇ ಗೊತ್ತಿದ್ದ ಹುಡುಗ ನಾನು. ಎರಡು ಫಂಕ್ಷನ್‌ಗಳ ಸಂಯೋಜನೆಯ ವಿಲೋಮ ಬರೆಯಿರಿ ಅಂದರೆ, ಇದ್ದ ಕ್ರಮದಲ್ಲೇ ಬರೆದು ಬಂದೆ. ಮನೆಗೆ ಬಂದು ನೋಡಿದರೆ ಅದೇ 829! ಭಾಷೆ ಬದಲಾಗಿದ್ದಕ್ಕೆ ಗೊತ್ತಿದ್ದ ಲೆಕ್ಕವೇ ಗುರುತು ಸಿಗಲಿಲ್ಲ. ಕನ್ನಡ ಮಾಧ್ಯಮದಿಂದ ಹೋಗುವ ಮಕ್ಕಳೇ, ನಿಮಗೂ ಹೀಗಾದರೆ ನಿಮಗೆ ತಲೆ ಇಲ್ಲ ಅಂದುಕೊಳ್ಳಬೇಡಿ.

ಮೂರನೇ ಸಲ ಕೆಲಸದಲ್ಲಿ. ಖಾತೆಯ ರೂಪಾಯಿಗಳನ್ನು ಪೈಸೆ ಮಾಡಿ, ಅದರಲ್ಲಿ 250 ಪೈಸೆ ಶುಲ್ಕ ಕಳೆಯುವ ಪ್ರೋಗ್ರಾಂ. 500 ರೂಪಾಯಿ 49,750 ಪೈಸೆ ಆಗಿತ್ತು. ಏನೋ ಎಡವಟ್ಟಾಗಿ ವಾಪಸ್ ತರಬೇಕಾಯಿತು. ರಾತ್ರಿ ಒಂದು ಗಂಟೆ, ನಿದ್ದೆಗಣ್ಣು. ಮೊದಲು 100ರಿಂದ ಭಾಗಿಸಿ ಆಮೇಲೆ 250 ಕೂಡಿಸಿದೆ. 500 ಇದ್ದವರಿಗೆ 747 ರೂಪಾಯಿ 50 ಪೈಸೆ! ಪುಣ್ಯಕ್ಕೆ ಅದು ಪರೀಕ್ಷೆಗೆ ಇಟ್ಟಿದ್ದ ಪ್ರತಿ. ಇಲ್ಲದಿದ್ದರೆ ಇವತ್ತು ಇಲ್ಲಿ ನನಗೆ ಶಾಲು ಹೊದಿಸುತ್ತಿರಲಿಲ್ಲ.

ಎಲ್ಲಕ್ಕೂ ವಿಲೋಮ ಇರುತ್ತದೆ ಅಂತಲೂ ಇಲ್ಲ. ತೂಕ ಬರೆಯುವಾಗ 74 ಕಿಲೋ 600 ಗ್ರಾಂ ಇದ್ದರೂ 75, 75 ಕಿಲೋ 200 ಗ್ರಾಂ ಇದ್ದರೂ 75 ಅಂತ ಬರೆದುಬಿಟ್ಟರೆ, ಚೀಟಿ ನೋಡಿ ನಿಜವಾದ ತೂಕ ಯಾರೂ ಹೇಳಲಾರರು. ಎರಡು ದಾರಿ ಒಂದಾದ ಮೇಲೆ ಯಾವುದರಿಂದ ಬಂದೆವು ಅಂತ ತಿಳಿಯುವುದಿಲ್ಲ. ಅದಕ್ಕೇ ಅಪ್ಪ ಈಗಲೂ ತೂಕದ ಕಾಟಾ ಬಿಟ್ಟು ಕದಲುವುದಿಲ್ಲ.

ಅವರು ಅಲ್ಲಿ ಬೇವಿನ ಮರದ ಕೆಳಗೆ ಕೂತಿದ್ದಾರೆ. ಆಗಲೇ 829 ಅಂದಾಗ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅವರೇ.